ಇರುಳ ಶುಶ್ರೂಷೆಯೂ ಅದರ ಭತ್ಯವೂ

ಆಸ್ಪತ್ರೆಗಳಲ್ಲಿ ಇರುಳ ಪಾಳಿಯನ್ನು ವಹಿಸುವ ದಾದಿಯರಿಗೆ ಹಗಲಿನವರಿಗಿಂತ ಹೆಚ್ಚಾಗಿ ಹಣವನ್ನು ಕೊಡುವುದು ಯುಕ್ತವೆ, ಕೊಟ್ಟಲ್ಲಿ ಆ ಹಣಕ್ಕಾಗಿ ಅವರು ಇರುಳನ್ನು ಒಪ್ಪಿಕೊಳ್ಳುವುದು ಯುಕ್ತವೆ ಎಂಬ ಪ್ರಶ್ನೆಯು ಸಾಮಾನ್ಯವಾಗಿ ಆಡಳಿತಗಾರರ ಮತ್ತು ನೌಕರ ಸಂಘಗಳ ಚರ್ಚೆಗೆ ಮೀಸಲಾಗಿರುವುದು. ಗ್ರಂಥಗಳನ್ನೂ ಶಾಸನಗಳನ್ನೂ ಅಭ್ಯಾಸಮಾಡುವವರಿಗೆ ಇದರಲ್ಲಿ ಏನು ಕೆಲಸವೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಈ ಪ್ರಶ್ನೆಯಲ್ಲಿ ಬರುವ ಮುಖ್ಯ ಶಬ್ದಗಳೆಲ್ಲವೂ ಹಳೆಯವು. ದಾದಿ, ಶುಶ್ರೂಷೆ, ವೇತನ, ಭತ್ಯ—ಇವುಗಳಲ್ಲಿ ಒಂದೊಂದಕ್ಕೂ ತನ್ನದೇ ಆದ ಚರಿತ್ರೆ ಉಂಟು. ಕಡೆಯ ಎರಡನ್ನು ಒಂದೇ ಎಂದು ತಿಳಿದು ಬಳಸುತ್ತಿರುವುದರಿಂದಲೇ ಈ ಚರ್ಚೆಯಲ್ಲಿ ಬಹುಮಟ್ಟಿನ ಗೊಂದಲವುಂಟಾಗಿದೆ ಎಂದು ಹೇಳಲು ಅವಕಾಶವಿದೆ.

ಶುಶ್ರೂಷೆಯೆಂಬುದು ‘ಶ್ರು’ ಧಾತುವಿನ ಸನ್ನಂತ ರೂಪದಿಂದ ಬಂದ ಶಬ್ದ. ಕೇಳಬೇಕೆಂಬ ಇಚ್ಛೆಯೇ ಅದರ ಮೂಲಾರ್ಥ. ಗುರುವಿನ ಮಾತನ್ನು ಕೇಳುವುದಕ್ಕಾಗಿ ಹತ್ತಿರದಲ್ಲಿಯೇ ಇರುವ ಶಿಷ್ಯನ ವಿನಯದಿಂದ ಸೇವೆಯೆಂಬ ಅರ್ಥವೂ, ಅಲ್ಲಿಂದ ರೋಗಿಯ ಆರೈಕೆಯೆಂಬ ಅರ್ಥವೂ ಬೆಳೆದುವು. ವಾರ್ಡಿನ ದೀಪಗಳನ್ನು ತಗ್ಗಿಸಿದ ಮೇಲೆ ದಾದಿಯ ಕೆಲಸವು ಬಹುಮಟ್ಟಿಗೆ ಕಿವಿಯ ಕೆಲಸವೇ ಆಗುವುದರಿಂದ, ಶಬ್ದವು ಇರುಳಿನಲ್ಲಿ ತನ್ನ ಮೊದಲಿನ ಅರ್ಥಕ್ಕೆ ಮರಳುತ್ತದೆ ಎನ್ನಬಹುದು: ಉಸಿರಿನ ಲಯ ಕೆಟ್ಟುದನ್ನು, ನರಳಿಕೆ ನಿಂತುದನ್ನು ಮೊದಲು ತಿಳಿಯುವುದು ಕಿವಿ. ಆದರೆ ಇದೇ ಶಬ್ದವು ಮತ್ತೊಂದು ಹೊರೆಯನ್ನೂ ಹೊತ್ತು ತಂದಿದೆ. ಗುರುಶುಶ್ರೂಷೆಗೆ ಸಂಬಳವಿಲ್ಲ, ಅದಕ್ಕೆ ವೇಳೆಯ ಕಟ್ಟೂ ಇಲ್ಲ. ದಾದಿಯೆಂಬ ಶಬ್ದದ ಸ್ಥಿತಿಯೂ ಇದೇ. ಅದನ್ನು ‘ಧಾತ್ರೀ’ ಶಬ್ದಕ್ಕೆ ಸಂಬಂಧಿಸುವುದು ರೂಢಿ. ಧಾತ್ರಿಯು ಮಗುವಿದ್ದ ಮನೆಯಲ್ಲಿಯೇ ಇರುವವಳಾದುದರಿಂದ ನಡುರಾತ್ರಿಯ ಅಳುವಿಗೆ ಬೇರೆ ಲೆಕ್ಕವಿರಲಿಲ್ಲ. ಕನ್ನಡಕ್ಕೆ ಬಂದ ಈ ಎರಡು ಶಬ್ದಗಳಲ್ಲಿ ಒಂದಕ್ಕೂ ಗಡಿಯಾರವಿಲ್ಲ.

ವೈದ್ಯಗ್ರಂಥಗಳು ಪರಿಚಾರಕನನ್ನು ಗೌರವದಿಂದ ಕಂಡಿವೆ. ಚಿಕಿತ್ಸೆಗೆ ನಾಲ್ಕು ಪಾದಗಳೆಂದೂ, ವೈದ್ಯ, ಔಷಧ, ಪರಿಚಾರಕ, ರೋಗಿ ಇವರೇ ಆ ನಾಲ್ಕೆಂದೂ ಚರಕಸಂಹಿತೆಯ ಸೂತ್ರಸ್ಥಾನವು ಎಣಿಸುತ್ತದೆ. ಪರಿಚಾರಕನಿಗೆ ಆರೈಕೆಯ ಅರಿವು, ದಕ್ಷತೆ, ಅನುರಾಗ, ಶುಚಿತ್ವ ಎಂಬ ನಾಲ್ಕು ಗುಣಗಳನ್ನು ಅಲ್ಲಿ ವಿಧಿಸಿದೆ. ಸುಶ್ರುತನ ಪಟ್ಟಿ ಇದಕ್ಕಿಂತ ಕಠಿನವಾದುದು. ಸ್ನೇಹಶೀಲನಾಗಿರಬೇಕು, ಹೇಸಿಕೊಳ್ಳದವನಾಗಿರಬೇಕು, ಬಲಶಾಲಿಯಾಗಿರಬೇಕು, ವೈದ್ಯನ ಮಾತಿನಂತೆ ನಡೆಯಬೇಕು ಎಂದು ಮೊದಲಾಗಿ ಹೇಳಿ, ಅವನು ‘ಅಶ್ರಾಂತ’ನೂ ಆಗಿರಬೇಕೆನ್ನುತ್ತಾನೆ. ಅಶ್ರಾಂತನೆಂದರೆ ದಣಿಯದವನು. ಹೇಸಿಗೆಯನ್ನು ಗೆಲ್ಲುವುದು ಅಭ್ಯಾಸದಿಂದ ಸಾಧ್ಯ. ವಿಧೇಯತೆ ಶಿಕ್ಷಣದಿಂದ ಬರುವುದು. ದಣಿಯದಿರುವುದು ಮಾತ್ರ ಗುಣಗಳ ಪಟ್ಟಿಯಲ್ಲಿ ಸೇರಬಹುದಾದ ಗುಣವೆ ಎಂಬುದು ವಿಚಾರಾರ್ಹ. ಇಂದಿಗೂ ದಾದಿಯರನ್ನು ಹೊಗಳುವ ಭಾಷಣಗಳಲ್ಲಿ ಈ ವಿಶೇಷಣವೇ ಮೊದಲು ಬರುವುದುಂಟು. ದಣಿವನ್ನು ಗುಣದ ಕೊರತೆಯೆಂದು ಎಣಿಸಿದಲ್ಲಿ ಅದಕ್ಕೆ ಪರಿಹಾರವನ್ನು ಕೇಳುವುದು ನಾಚಿಕೆಯ ಮಾತಾಗುತ್ತದೆ.

ಕೌಟಿಲ್ಯನ ಅರ್ಥಶಾಸ್ತ್ರವು ಇರುಳನ್ನು ರಾಜ್ಯದ ದೃಷ್ಟಿಯಿಂದ ನೋಡುತ್ತದೆ. ಮೈಸೂರಿನ ಪ್ರಾಚ್ಯ ಗ್ರಂಥಭಂಡಾರದಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ೧೯೦೫ರಲ್ಲಿ ದೊರೆತು ೧೯೦೯ರಲ್ಲಿ ಅಚ್ಚಾದ ಈ ಗ್ರಂಥದ ನಾಗರಿಕಪ್ರಣಿಧಿ ಪ್ರಕರಣದಲ್ಲಿ, ರಾತ್ರಿಯ ನಿಷಿದ್ಧಕಾಲದಲ್ಲಿ ನಗರದಲ್ಲಿ ಓಡಾಡುವವರಿಗೆ ದಂಡವನ್ನು ವಿಧಿಸಿದೆ. ಆದರೆ ಹೆರಿಗೆಯ ಕಾರಣದಿಂದಲೂ, ವೈದ್ಯನ ಕಾರಣದಿಂದಲೂ, ಸಾವಿನ ಕಾರಣದಿಂದಲೂ ಹೊರಟವರನ್ನು ಹಿಡಿಯಬಾರದೆಂದು ಅಪವಾದವಿದೆ. ರೋಗಕ್ಕೂ ಹೆರಿಗೆಗೂ ಇರುಳೆಂಬುದಿಲ್ಲವೆಂದು ರಾಜ್ಯವು ಒಪ್ಪಿಕೊಂಡ ಹಳೆಯ ದಾಖಲೆಗಳಲ್ಲಿ ಇದೊಂದು. ಅದೇ ಗ್ರಂಥದ ಭೃತ್ಯಭರಣೀಯ ಪ್ರಕರಣದಲ್ಲಿ ರಾಜಸೇವಕರ ಸಂಬಳದ ಪಟ್ಟಿಯೂ ಇದೆ. ಸೈನ್ಯದ ಚಿಕಿತ್ಸಕನಿಗೆ ೨,೦೦೦ ಪಣ. ಪರಿಚಾರಕರ ವರ್ಗಕ್ಕೆ ೬೦ ಪಣ. ಈ ಪರಿಚಾರಕರು ರೋಗಿಗಳ ಆರೈಕೆಯವರೇ ಎಂದು ಹೇಳುವಂತಿಲ್ಲ. ಎರಡು ಕಾಲಿನ ಮತ್ತು ನಾಲ್ಕು ಕಾಲಿನ ಪ್ರಾಣಿಗಳನ್ನು ನೋಡಿಕೊಳ್ಳುವವರೆಲ್ಲರೂ ಆ ಸಾಲಿನಲ್ಲಿ ಬರುತ್ತಾರೆ. ಆದರೂ ಆರೈಕೆಯ ಕೆಲಸಕ್ಕೆ ಆ ಕಾಲದ ಎಣಿಕೆಯಲ್ಲಿದ್ದ ಸ್ಥಾನವು ಇದರಿಂದ ವಿದಿತವಾಗುವುದು. ಇರುಳಿನಲ್ಲಿ ನಡೆಯಲು ಅನುಮತಿ ಉಂಟು. ನಡೆದುದಕ್ಕೆ ಬೇರೆ ಲೆಕ್ಕವಿಲ್ಲ.

ಆಧುನಿಕ ಶಾಸನಕರ್ತರೂ ಇದೇ ದಾರಿಯಲ್ಲಿ ನಡೆದುದು ಸೋಜಿಗ. ೧೯೧೯ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಹೆಂಗಸರು ಕೈಗಾರಿಕೆಗಳಲ್ಲಿ ರಾತ್ರಿ ದುಡಿಯುವುದನ್ನು ನಿಷೇಧಿಸುವ ಒಡಂಬಡಿಕೆಯನ್ನು ಮಾಡಿತು. ೧೯೪೮ರಲ್ಲಿ ಅದನ್ನು ಪರಿಷ್ಕರಿಸಿದಾಗ, ಕೈದುಡಿಮೆಯಲ್ಲದ ಆರೋಗ್ಯಸೇವೆಯಲ್ಲಿರುವ ಹೆಂಗಸರಿಗೆ ಈ ನಿಷೇಧವು ಅನ್ವಯಿಸದೆಂದು ಬರೆಯಿತು. ಅದೇ ವರ್ಷ ಬಂದ ಭಾರತದ ಕಾರ್ಖಾನೆಗಳ ಕಾಯಿದೆಯ ೬೬ನೆಯ ವಿಧಿಯು ಸಂಜೆ ೭ರಿಂದ ಬೆಳಿಗ್ಗೆ ೬ರ ವರೆಗೆ ಹೆಂಗಸರ ದುಡಿಮೆಯನ್ನು ತಡೆಯಿತು. ಆಸ್ಪತ್ರೆಯು ಕಾರ್ಖಾನೆಯಲ್ಲವಾದುದರಿಂದ ದಾದಿಯು ಆ ರಕ್ಷಣೆಯ ಹೊರಗೆ ಉಳಿದಳು. ನಿಷೇಧವು ಹಿತವೋ ಅಹಿತವೋ ಎಂಬುದು ಬೇರೆ ಮಾತು. ಮದರಾಸಿನ ಉಚ್ಚ ನ್ಯಾಯಾಲಯವು ೨೦೦೦ದಲ್ಲಿ ಆ ತಡೆಯನ್ನು ಸಮಾನತೆಗೆ ವಿರುದ್ಧವೆಂದು ತಳ್ಳಿಹಾಕಿತು. ಇಲ್ಲಿ ಗಮನಿಸಬೇಕಾದುದು ಇಷ್ಟೆ: ಇರುಳ ದುಡಿಮೆಯು ದೇಹಕ್ಕೆ ಕೆಡುಕೆಂದು ಹೇಳಿದ ಬರೆಹದಲ್ಲಿಯೇ ಆ ಕೆಡುಕನ್ನು ಅನುಭವಿಸಲು ದಾದಿಗೆ ಅಪ್ಪಣೆಯೂ ಸಿಕ್ಕಿತು. ದೀಪವನ್ನು ಹಿಡಿದ ಮಹಿಳೆಯೆಂದು ಪ್ರಸಿದ್ಧಳಾದ ಫ್ಲಾರೆನ್ಸ್ ನೈಟಿಂಗೇಲಳಾದರೋ ಸ್ಕುಟಾರಿಯ ಸೇನಾ ಆಸ್ಪತ್ರೆಯಲ್ಲಿ ರಾತ್ರಿ ೮ರ ಮೇಲೆ ತನ್ನ ದಾದಿಯರು ವಾರ್ಡುಗಳಲ್ಲಿ ಇರಕೂಡದೆಂದು ಕಟ್ಟುಮಾಡಿದ್ದಳು. ಇರುಳ ಶುಶ್ರೂಷೆಗೆ ಚಿಹ್ನೆಯಾಗಿ ನಿಂತ ಆ ದೀಪವು, ಉಳಿದ ದಾದಿಯರನ್ನು ಮಲಗಲು ಕಳುಹಿಸಿದ ಮೇಲೆ ಹೊತ್ತಿಸಿದುದು.

ದೀಪದ ಮಾತು ಬಂದುದರಿಂದ ದಕ್ಷಿಣದೇಶದ ಒಂದು ಶಾಸನವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು. ಕರ್ನಾಟಕದಲ್ಲಿ ಬಳ್ಳಿಗಾವೆಯ ಕೋಡಿಯಮಠದ ೧೧೬೨ರ ಶಾಸನವು ಆ ಮಠವನ್ನು ದೀನರಿಗೂ ರೋಗಿಗಳಿಗೂ ಆಶ್ರಯಸ್ಥಾನವೆಂದು, ಚಿಕಿತ್ಸೆ ದೊರೆಯುವ ಸ್ಥಳವೆಂದು ವರ್ಣಿಸುತ್ತದೆ. ಆದರೆ ಅದು ಪ್ರಶಸ್ತಿಯ ಮಾತು, ಲೆಕ್ಕದ ಮಾತಲ್ಲ. ಲೆಕ್ಕವು ಸಿಗುವುದು ಕಾಂಚೀಪುರದ ಬಳಿಯ ತಿರುಮುಕ್ಕೂಡಲಿನಲ್ಲಿ. ಅಲ್ಲಿಯ ದೇವಾಲಯದ ಗೋಡೆಯ ಮೇಲೆ ಚೋಳರಾಜ ವೀರರಾಜೇಂದ್ರನ ಕಾಲದ, ಸುಮಾರು ೧೦೬೯ರ, ದೀರ್ಘವಾದ ತಮಿಳು ಶಾಸನವಿದೆ. ಚಾಳುಕ್ಯ ಆಹವಮಲ್ಲನೊಡನೆ ನಡೆದ ಯುದ್ಧಗಳ ವರ್ಣನೆ ಅದರ ಪೀಠಿಕೆಯಲ್ಲಿರುವುದರಿಂದ ಕರ್ನಾಟಕದ ಚರಿತ್ರಕಾರರಿಗೆ ಅದು ಅಪರಿಚಿತವಲ್ಲ. ಆದರೆ ಪೀಠಿಕೆಯನ್ನು ಓದಿದವರು ಮುಂದಿನ ಪಟ್ಟಿಗಳನ್ನು ಅಷ್ಟಾಗಿ ಓದಿದಂತೆ ತೋರದು. ದೇವಾಲಯಕ್ಕೆ ಸೇರಿದ ಪಾಠಶಾಲೆ, ವಿದ್ಯಾರ್ಥಿನಿಲಯ, ೧೫ ಹಾಸಿಗೆಗಳ ಒಂದು ಆಸ್ಪತ್ರೆ—ಇವುಗಳ ವರ್ಷದ ವೆಚ್ಚವನ್ನು ಅಲ್ಲಿ ಕಾಸು ಕಾಸಿಗೆ ಎಣಿಸಿದೆ. ವೈದ್ಯನಿಗೆ ವರ್ಷಕ್ಕೆ ೯೦ ಕಲಂ ಭತ್ತ, ೮ ಕಾಸು. ಅವನ ಜೊತೆಗೆ ಶಸ್ತ್ರಚಿಕಿತ್ಸಕ, ಮೂಲಿಕೆಗಳನ್ನು ತರುವವರು, ಕ್ಷೌರಿಕ, ನೀರು ತರುವವನು. ರೋಗಿಗಳ ಬಳಿಯಿದ್ದು ಮದ್ದು ಕೊಡುವುದಕ್ಕೆ ಇಬ್ಬರು ಹೆಂಗಸರು. ಅವರ ಪಾಲು ವೈದ್ಯನದಕ್ಕಿಂತ ತೀರ ಕಡಮೆ. ಇವುಗಳ ನಡುವೆಯೇ ಮತ್ತೊಂದು ವೆಚ್ಚ: ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಉರಿಯುವ ಒಂದು ದೀಪಕ್ಕೆ ಎಣ್ಣೆ.

ದೀಪವು ರಾತ್ರಿಯೆಲ್ಲ ಉರಿದುದರಿಂದ ಯಾರೋ ರಾತ್ರಿಯೆಲ್ಲ ಎದ್ದಿದ್ದರೆಂಬುದು ನಿಶ್ಚಯ. ಇಬ್ಬರು ಹೆಂಗಸರನ್ನು ಇಟ್ಟುದು ಹಗಲಿಗೊಬ್ಬಳು ಇರುಳಿಗೊಬ್ಬಳು ಎಂದೋ ಎಂದು ಊಹಿಸುವ ಆಸೆ ಸಹಜ. ಶಾಸನದಲ್ಲಿ ಅದಕ್ಕೆ ಆಧಾರವಿಲ್ಲ. ಆಧಾರವಿರುವುದು ಇಷ್ಟಕ್ಕೆ ಮಾತ್ರ: ಇರುಳಿನಲ್ಲಿ ಎಣ್ಣೆ ಕರಗುವುದೆಂದು ಲೆಕ್ಕಿಗನಿಗೆ ಗೊತ್ತಿದ್ದಿತು, ದೀಪದ ಬಳಿ ಕುಳಿತವಳಲ್ಲಿಯೂ ಏನೋ ಒಂದು ಕರಗುವುದೆಂಬುದು ಪಟ್ಟಿಯಲ್ಲಿ ಬರಲಿಲ್ಲ. ಹನ್ನೊಂದನೆಯ ಶತಮಾನದ ಲೆಕ್ಕಿಗನನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. ಅವನು ಎಣ್ಣೆಯನ್ನಾದರೂ ಬರೆದಿಟ್ಟನು.

ಈಗ ಭತ್ಯ ಶಬ್ದದ ವಿಚಾರ. ಸಂಸ್ಕೃತದ ‘ಭಕ್ತ’ಕ್ಕೆ ಅನ್ನವೆಂಬ ಅರ್ಥವಿರುವುದು ಪ್ರಸಿದ್ಧ. ಅದು ಪ್ರಾಕೃತದಲ್ಲಿ ‘ಭತ್ತ’ವಾಯಿತು. ಕನ್ನಡದಲ್ಲಿ ಅದೇ ರೂಪವು ಹೊಟ್ಟಿನೊಡನಿರುವ ಅಕ್ಕಿಗೂ, ಕೆಲಸಗಾರನ ಊಟದ ವೆಚ್ಚಕ್ಕೂ ನಿಂತಿತು. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿ ದಂಡಯಾತ್ರೆಗೆ ಹೊರಟವರಿಗೆ ಸಂಬಳವಲ್ಲದೆ ಕೊಡುತ್ತಿದ್ದ ‘ಬತ್ತಾ’ ಎಂಬುದಕ್ಕೂ ಕನ್ನಡದ ಭತ್ತಕ್ಕೂ ನಂಟನ್ನು ಇಂಗ್ಲಿಷ್ ನಿಘಂಟುಕಾರರು ಹಿಂದೆಯೇ ಗುರುತಿಸಿದ್ದಾರೆ. ಭತ್ಯವೆಂಬ ಇಂದಿನ ರೂಪದಲ್ಲಿ ‘ಭೃತ್ಯ’ ಶಬ್ದದ ಛಾಯೆ ಬೆರೆತಿರುವುದು ಅಸಂಭವವಲ್ಲ. ಅದು ಹೇಗೇ ಇರಲಿ, ಅರ್ಥಶಾಸ್ತ್ರದಲ್ಲಿ ‘ಭಕ್ತವೇತನ’ವೆಂಬ ಸಮಾಸವು ಬರುವುದನ್ನು ನೋಡಿದರೆ ಎರಡು ಬೇರೆ ಬೇರೆ ವಸ್ತುಗಳೆಂಬುದು ಸ್ಪಷ್ಟ. ವೇತನವು ಕೆಲಸದ ಬೆಲೆ. ಭಕ್ತವು ಕೆಲಸದಲ್ಲಿ ದೇಹದಿಂದ ಕಳೆದುಹೋದುದನ್ನು ಮತ್ತೆ ತುಂಬುವ ವಸ್ತು. ಹಸಿದವನಿಗೆ ಅನ್ನವಾಗಿ ಕೊಡುವುದು. ಹಾಗಾದರೆ ಇರುಳ ಭತ್ಯವೆಂದರೆ ಇರುಳಿನಲ್ಲಿ ಕಳೆದುದನ್ನು ತುಂಬುವ ವಸ್ತುವಾಗಿರಬೇಕು. ಕಳೆದುದು ನಿದ್ರೆ.

ನಿದ್ರೆಯ ನಷ್ಟವು ಎಂಥದೆಂಬುದನ್ನು ಹಿಂದಿನವರು ಅನುಭವದಿಂದ ತಿಳಿದಿದ್ದರು; ಈಚಿನವರು ಅಳೆದು ತಿಳಿದಿದ್ದಾರೆ. ಜೀವಕೋಶದೊಳಗಿನ ದಿನಚಕ್ರದ ನಿಯಮವನ್ನು ಕಂಡುಹಿಡಿದ ಹಾಲ್, ರೋಸ್‌ಬಾಷ್, ಯಂಗ್ ಎಂಬ ಮೂವರಿಗೆ ೨೦೧೭ರಲ್ಲಿ ನೊಬೆಲ್ ಬಹುಮಾನ ಬಂದಿತು. ದೇಹದ ಉಷ್ಣತೆಯು ಬೆಳಗಿನ ಜಾವದಲ್ಲಿ ಅತ್ಯಂತ ಕೆಳಗಿಳಿಯುವುದು, ಆಗಲೇ ಎಚ್ಚರವೂ ಮಂದವಾಗುವುದು. ಇರುಳೆಲ್ಲ ಎದ್ದಿದ್ದು ಹಗಲು ಮಲಗಿದವರ ನಿದ್ರೆಯು ಮೊಟಕಾಗಿಯೇ ಇರುವುದು. ೧೭ ಗಂಟೆಗಳ ಕಾಲ ನಿದ್ರೆಯಿಲ್ಲದೆ ಇದ್ದವರ ಕೈಚಳಕವು ರಕ್ತದಲ್ಲಿ ನೂರಕ್ಕೆ ೦.೦೫ರಷ್ಟು ಮದ್ಯವಿರುವವರ ಮಟ್ಟಕ್ಕೆ ಇಳಿಯುವುದೆಂದು ಡಾಸನ್ ಮತ್ತು ರೀಡ್ ೧೯೯೭ರಲ್ಲಿ ತೋರಿಸಿದರು. ದೀರ್ಘಕಾಲದ ಫಲಗಳ ವಿಷಯದಲ್ಲಿ ಪಂಡಿತರಲ್ಲಿ ಒಮ್ಮತವಿಲ್ಲ. ಅಮೆರಿಕದ ದಾದಿಯರನ್ನು ಅನೇಕ ವರ್ಷ ಅನುಸರಿಸಿ ನಡೆದ ಅಧ್ಯಯನವೊಂದರಲ್ಲಿ, ೩೦ ವರ್ಷ ಅಥವಾ ಅದಕ್ಕಿಂತ ಹೆಚ್ಚುಕಾಲ ಸರದಿಯ ಮೇಲೆ ಇರುಳ ಪಾಳಿ ಮಾಡಿದವರಿಗೆ ಸ್ತನದ ಕ್ಯಾನ್ಸರಿನ ಸಂಭವವು ನೂರಕ್ಕೆ ೩೬ರಷ್ಟು ಹೆಚ್ಚೆಂದು ೨೦೦೧ರಲ್ಲಿ ಪ್ರಕಟವಾಯಿತು. ೨೦೧೬ರಲ್ಲಿ ಬ್ರಿಟನ್ನಿನಿಂದ ಬಂದ ಪರಿಶೀಲನೆಯು ಅಂಥ ಹೆಚ್ಚಳವನ್ನು ಕಾಣಲಿಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು ೨೦೦೭ರಲ್ಲಿಯೂ, ಮತ್ತೆ ೨೦೧೯ರಲ್ಲಿಯೂ, ಇರುಳ ದುಡಿಮೆಯನ್ನು ‘ಬಹುಶಃ ಕ್ಯಾನ್ಸರ್ ತರುವಂಥದು’ ಎಂಬ ವರ್ಗದಲ್ಲಿಯೇ ಇಟ್ಟಿತು. ಈ ವಾದವು ಹೇಗೆ ಮುಗಿದರೂ ಬೆಳಗಿನ ಜಾವದ ೪ ಗಂಟೆಯಲ್ಲಿ ಮದ್ದಿನ ಪ್ರಮಾಣವನ್ನು ಓದುವ ಕಣ್ಣು ಮಂದವಾಗುವುದು ಸುಳ್ಳಾಗದು. ಅದರ ಫಲವನ್ನು ಉಣ್ಣುವವನು ರೋಗಿ. ಅಶ್ರಾಂತ ಪರಿಚಾರಕನು ಇಲ್ಲವೆಂದು ಒಪ್ಪಿಕೊಂಡ ಮೇಲೆಯೇ ಉಳಿದ ಮಾತು.

ಹೀಗಿರಲಾಗಿ, ಇರುಳಿಗೆ ಸರಕಾರವು ಇಟ್ಟ ಬೆಲೆಯನ್ನು ನೋಡಬಹುದು. ಕೇಂದ್ರ ಸರಕಾರದ ನೌಕರರ ರಾತ್ರಿ ಕರ್ತವ್ಯದ ಭತ್ಯಕ್ಕೆ ೨೦೨೦ರ ಜುಲೈ ೧೩ರ ಆಜ್ಞೆಯು ನಿಯಮಗಳನ್ನು ಗೊತ್ತುಮಾಡಿತು. ರಾತ್ರಿ ೧೦ರಿಂದ ಬೆಳಿಗ್ಗೆ ೬ರ ವರೆಗಿನ ಒಂದೊಂದು ಗಂಟೆಗೂ ೧೦ ನಿಮಿಷಗಳ ಹೆಚ್ಚುವರಿ. ಮೂಲ ಸಂಬಳವನ್ನೂ ತುಟ್ಟಿಭತ್ಯವನ್ನೂ ಕೂಡಿಸಿ ೨೦೦ರಿಂದ ಭಾಗಿಸಿದರೆ ಗಂಟೆಯ ದರ. ಮೂಲ ಸಂಬಳವು ೪೩,೬೦೦ ರೂಪಾಯಿಯನ್ನು ಮೀರಿದವರಿಗೆ ಭತ್ಯವಿಲ್ಲ. ಆ ಮಿತಿಯ ಅಂಚಿನಲ್ಲಿರುವ ನೌಕರನನ್ನೇ ತೆಗೆದುಕೊಂಡರೆ, ತುಟ್ಟಿಭತ್ಯವನ್ನು ಬಿಟ್ಟು, ಗಂಟೆಗೆ ೨೧೮ ರೂಪಾಯಿ. ಎಂಟು ಗಂಟೆಗಳ ಇರುಳಿಗೆ ೮೦ ನಿಮಿಷ. ಎಂದರೆ ಸುಮಾರು ೨೯೦ ರೂಪಾಯಿ. ಏಳನೆಯ ವೇತನ ಆಯೋಗದ ಪಟ್ಟಿಯಲ್ಲಿ ಶುಶ್ರೂಷಾಧಿಕಾರಿಯ ಮೊದಲ ಮೂಲ ಸಂಬಳವೇ ೪೪,೯೦೦ ರೂಪಾಯಿಯಾದುದರಿಂದ, ಕೆಲಸಕ್ಕೆ ಸೇರಿದ ದಿನವೇ ಆಕೆ ಈ ಮಿತಿಯ ಆಚೆಗೆ ನಿಂತಿರುತ್ತಾಳೆ. ೨೦೧೭ರಲ್ಲಿ ತಿಂಗಳಿಗೆ ೭,೨೦೦ ರೂಪಾಯಿಗೆ ಏರಿದ ಶುಶ್ರೂಷಾ ಭತ್ಯವು ಒಂದೇ ಮೊತ್ತ. ಅದರಲ್ಲಿ ಹಗಲಿಗೆಷ್ಟು ಇರುಳಿಗೆಷ್ಟು ಎಂಬ ವಿಂಗಡಣೆ ಇಲ್ಲ. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ ಇದು ಬೇರೆಯ ರೀತಿ: ಶಿಕ್ಷಣ ಪಡೆದ ದಾದಿಗೆ ರಾತ್ರಿ ೮ರಿಂದ ಬೆಳಿಗ್ಗೆ ೬ರ ವರೆಗಿನ ಗಂಟೆಗಳಿಗೆ ನೂರಕ್ಕೆ ೩೦ರಷ್ಟು ಹೆಚ್ಚು ಕೊಡುವ ಪದ್ಧತಿ ಇದೆ.

ಹೆಚ್ಚು ಕೊಟ್ಟಮಾತ್ರಕ್ಕೆ ಪ್ರಶ್ನೆ ತೀರುವುದೆ? ಕಷ್ಟದ ಕೆಲಸಕ್ಕೆ ಕೂಲಿ ತಾನಾಗಿ ಏರುವುದೆಂದು ಆಡಂ ಸ್ಮಿತ್ ೧೭೭೬ರಲ್ಲಿ ವಾದಿಸಿದನು. ಜಾನ್ ಸ್ಟುವರ್ಟ್ ಮಿಲ್ ೧೮೪೮ರಲ್ಲಿ ಇದಕ್ಕೆ ವಿರೋಧವಾದ ಸಂಗತಿಯನ್ನು ತೋರಿಸಿದನು: ನಿಜವಾಗಿ ಅಸಹ್ಯವಾದ ಕೆಲಸಗಳು ಬೇರೆ ದಾರಿಯಿಲ್ಲದವರ ಪಾಲಿಗೆ ಬರುವುದರಿಂದ ಅವುಗಳಿಗೇ ಕೂಲಿ ಕಡಮೆ. ದಾದಿಯರ ವಿಷಯದಲ್ಲಿ ಮಿಲ್ಲನ ಮಾತಿಗೇ ಹೆಚ್ಚು ಬಲವಿದೆ. ೨೦೧೬ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ ಏರ್ಪಟ್ಟ ಸಮಿತಿಯು, ೫೦ಕ್ಕಿಂತ ಕಡಮೆ ಹಾಸಿಗೆಗಳ ಖಾಸಗಿ ಆಸ್ಪತ್ರೆಯಲ್ಲಿಯೂ ದಾದಿಯ ತಿಂಗಳ ಸಂಬಳವು ೨೦,೦೦೦ ರೂಪಾಯಿಗಿಂತ ಇಳಿಯಬಾರದೆಂದು ಸೂಚಿಸಬೇಕಾಯಿತು. ಕೇರಳದ ದಾದಿಯರು ೨೦೧೭ರಲ್ಲಿ ಹೋರಾಡಿದ ಮೇಲೆ ಅಲ್ಲಿಯ ಸರಕಾರವು ೨೦೧೮ರ ಏಪ್ರಿಲಿನಲ್ಲಿ ಅದೇ ಮೊತ್ತವನ್ನು ಕನಿಷ್ಠ ವೇತನವೆಂದು ಸಾರಿತು. ಹಗಲಿನ ಸಂಬಳವು ಮನೆಯ ಬಾಡಿಗೆಗೂ ಶಿಕ್ಷಣಕ್ಕೆಂದು ತಂದ ಸಾಲಕ್ಕೂ ಸಾಲದಿರುವಲ್ಲಿ, ಇರುಳಿನ ಹೆಚ್ಚಿನ ಹಣವನ್ನು ಒಪ್ಪಿದಳೆಂದು ದಾದಿಯ ಮೇಲೆ ಆಯ್ಕೆಯ ಹೊಣೆಯನ್ನು ಹೊರಿಸುವುದು ಸಾಧುವಲ್ಲ. ವೇತನವು ಪೂರ್ಣವಾಗಿದ್ದಲ್ಲಿ ಮಾತ್ರ ಭತ್ಯವು ಭತ್ಯವಾಗಿ ಉಳಿಯುವುದು. ಇಲ್ಲವಾದರೆ ಅದು ವೇತನದ ಉಳಿದ ಭಾಗವೇ ಸರಿ.

ಇರುಳನ್ನು ತಾವಾಗಿ ಬಯಸುವ ದಾದಿಯರೂ ಇಲ್ಲದಿಲ್ಲ. ಹಗಲಿನ ಗದ್ದಲ, ಸಂದರ್ಶಕರ ನೂಕು, ಮೇಲಧಿಕಾರಿಗಳ ಸುತ್ತಾಟ ಇರುಳಿನಲ್ಲಿರುವುದಿಲ್ಲ. ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ತಾಯಿ ಮನೆಯಲ್ಲಿರಬಹುದು. ಇಂಥವರಿಗೆ ಇರುಳನ್ನು ನಿರಾಕರಿಸುವುದು ಅನ್ಯಾಯ. ೨೦೨೪ರ ಆಗಸ್ಟಿನಲ್ಲಿ ಕಲ್ಕತ್ತೆಯ ಆಸ್ಪತ್ರೆಯೊಂದರಲ್ಲಿ ಇರುಳ ಕರ್ತವ್ಯದಲ್ಲಿದ್ದ ವೈದ್ಯೆಯ ಕೊಲೆಯಾದ ಮೇಲೆ, ಹೆಂಗಸರಿಗೆ ರಾತ್ರಿಯ ಕೆಲಸವನ್ನು ಆದಷ್ಟು ತಪ್ಪಿಸಬೇಕೆಂದು ಪಶ್ಚಿಮ ಬಂಗಾಳದ ಸರಕಾರವು ಸೂಚಿಸಿದಾಗ, ರಕ್ಷಣೆ ಕೊಡುವುದು ಸರಕಾರದ ಕರ್ತವ್ಯವೇ ಹೊರತು ಕೆಲಸವನ್ನು ತಡೆಯುವುದಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಸೆಪ್ಟೆಂಬರಿನಲ್ಲಿ ಆಕ್ಷೇಪಿಸಿತು. ಆ ಆಕ್ಷೇಪವು ಯುಕ್ತವೇ. ಕಾವಲು, ಬೆಳಕು, ವಿಶ್ರಾಂತಿಯ ಕೊಠಡಿ, ಮನೆ ಸೇರಲು ವಾಹನ—ಇವುಗಳಿಗೆ ಪ್ರತಿಯಾಗಿ ಭತ್ಯವನ್ನು ಕೊಟ್ಟೆವೆಂದು ಹೇಳುವ ಆಸ್ಪತ್ರೆಯು ಎಣ್ಣೆಯ ಹಣವನ್ನೂ ದಾದಿಯ ಸಂಬಳದಲ್ಲಿಯೇ ಬರೆದಂತಾಗುವುದು.

೧೯೯೦ರ ಅಂತರರಾಷ್ಟ್ರೀಯ ಇರುಳ ದುಡಿಮೆಯ ಒಡಂಬಡಿಕೆಯು ಇರುಳಿನವರಿಗೆ ಸಲ್ಲಬೇಕಾದ ಪರಿಹಾರವನ್ನು ಹೇಳುವಾಗ ಹಣಕ್ಕಿಂತ ಮೊದಲು ದುಡಿಮೆಯ ಕಾಲವನ್ನು ಹೆಸರಿಸುತ್ತದೆ. ೨೦೨೦ರ ಆಜ್ಞೆಯಲ್ಲಿಯೂ ಮೂಲದ ಅಳತೆ ಕಾಲವೇ: ಇರುಳಿನ ಒಂದು ಗಂಟೆ ಹಗಲಿನ ೭೦ ನಿಮಿಷಕ್ಕೆ ಸಮ. ಅದನ್ನು ಹಣಕ್ಕೆ ಪರಿವರ್ತಿಸಿದುದು ಅನಂತರದ ಹೆಜ್ಜೆ. ಪರಿವರ್ತಿಸದೆ ಉಳಿಸಿದ್ದರೆ ಏನಾಗುತ್ತಿದ್ದಿತೆಂಬ ಲೆಕ್ಕವು ಕಷ್ಟದ್ದಲ್ಲ. ಅನೇಕ ಆಸ್ಪತ್ರೆಗಳಲ್ಲಿ ಹಗಲನ್ನು ಆರಾರು ಗಂಟೆಗಳ ಎರಡು ಪಾಳಿಗಳಾಗಿ ಮಾಡಿ, ರಾತ್ರಿ ೮ರಿಂದ ಬೆಳಿಗ್ಗೆ ೮ರ ವರೆಗೆ ಒಂದೇ ಪಾಳಿಯನ್ನು ಇಟ್ಟಿರುತ್ತಾರೆ. ತಿಂಗಳಿಗೆ ಇಂಥ ೧೦ ಇರುಳುಗಳನ್ನು ವಹಿಸಿದವಳಿಗೆ ಆಜ್ಞೆಯ ಅಳತೆಯಿಂದ ೮೦೦ ನಿಮಿಷ, ಎಂದರೆ ೧೩ ಗಂಟೆ ೨೦ ನಿಮಿಷಗಳ ವಿಶ್ರಾಂತಿ ಸಲ್ಲಬೇಕು. ಒಂದು ಪೂರ್ಣ ಇರುಳಿಗಿಂತ ಅದು ಹೆಚ್ಚು. ಹಣವಾದರೆ ಸಂಬಳದ ಚೀಟಿಯಲ್ಲಿ ಒಂದು ಸಾಲು ಬರೆದರೆ ತೀರಿತು. ವಿಶ್ರಾಂತಿಯಾದರೆ ಆ ಹೊತ್ತಿನಲ್ಲಿ ರೋಗಿಯ ಬಳಿ ಮತ್ತೊಬ್ಬಳು ಇರಬೇಕು. ಆಡಳಿತಗಳು ನಿದ್ರೆಗಿಂತ ಹಣವನ್ನು ಕೊಡಲು ಮುಂದಾಗುವುದಕ್ಕೆ ಕಾರಣವು ಇಲ್ಲಿದೆ. ಬೋಧನಾ ಆಸ್ಪತ್ರೆಗಳಲ್ಲಿ ಮೂರು ಹಾಸಿಗೆಗೊಬ್ಬ ದಾದಿಯೂ ರಜೆಗೆಂದು ನೂರಕ್ಕೆ ೩೦ರಷ್ಟು ಹೆಚ್ಚಿನ ಮಂದಿಯೂ ಇರಬೇಕೆಂದು ಭಾರತೀಯ ಶುಶ್ರೂಷಾ ಪರಿಷತ್ತು ಹೇಳಿದ ಪ್ರಮಾಣದಲ್ಲಿ ಈ ಇರುಳಿನ ವಿಶ್ರಾಂತಿಯನ್ನು ಬೇರೆಯಾಗಿ ಎಣಿಸಿಲ್ಲ. ಎಣಿಸುವುದಾದರೆ, ಒಂಬತ್ತು ಮಂದಿಯ ಹದಿಮೂರು ಗಂಟೆ ಇಪ್ಪತ್ತು ನಿಮಿಷಗಳನ್ನು ಕೂಡಿಸಿದಾಗ ಸರಿಯಾಗಿ ೧೨೦ ಗಂಟೆಗಳು, ಹನ್ನೆರಡು ಗಂಟೆಯ ಹತ್ತು ಇರುಳುಗಳು. ಆ ಹತ್ತು ಇರುಳುಗಳಿಗೆ ಹತ್ತನೆಯ ದಾದಿಯೊಬ್ಬಳನ್ನು ನೇಮಿಸಬೇಕಾಗುವುದು.